ಗೆರೆ ಓಡಿದರೆ ಮೀನೂ ಓಡುತ್ತದೆ

ಮಲ್ಪೆಯಲ್ಲಿ ಅಲೆ ಹಿಂದೆ ಸರಿಯುವಾಗ ಪಾದ ನೋಡುತ್ತಾ ನಿಂತಿದ್ದೀರಾ? ಸರಿಯುವುದು ನೀರು. ಆದರೆ ನಾವೇ ದಡದ ಕಡೆ ಜಾರಿದಂತೆ ಅನಿಸುತ್ತದೆ, ಅಲ್ವಾ? ಮೀನಿನ ಮರಿಗಳಿಗೂ ಹಾಗೇ ಅನಿಸುತ್ತದೆ. ಅದನ್ನು ನಾನು ಮನೆಯಲ್ಲೇ ನೋಡಿದೆ.

ಉಡುಪಿಯಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಅಕ್ವೇರಿಯಂ ಅಂಗಡಿಯಿಂದ 8 ಜೀಬ್ರಾ ಮೀನು ತಂದೆ. ಇವಕ್ಕೆ 28 ಡಿಗ್ರಿ ಬಿಸಿಯ ನೀರು ಹಿತ. ನಮ್ಮ ಕರಾವಳಿಯಲ್ಲಿ ಹೀಟರ್ ಬೇಕಾಗಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಮೊಟ್ಟೆ ಇಡುತ್ತವೆ, ಇಟ್ಟದ್ದನ್ನು ತಾವೇ ತಿನ್ನುತ್ತವೆ. ಅದಕ್ಕೆ ತೊಟ್ಟಿಯ ತಳದಲ್ಲಿ ಗೋಲಿ ಹರಡಿದೆ. ಗೋಲಿಗಳ ಸಂದಿಗೆ ಬಿದ್ದ ಮೊಟ್ಟೆ ಉಳಿದವು. ಮೂರನೇ ದಿನ ಮರಿ ಹೊರಬಂದವು.

ಗಾಜಿನ ತಟ್ಟೆಯಲ್ಲಿ ಮರಿ ಬಿಟ್ಟು, ಅಡಿಯಲ್ಲಿ ಟ್ಯಾಬ್ ಇಟ್ಟು ಕಪ್ಪು ಬಿಳಿ ಗೆರೆ ಓಡಿಸಿದೆ. ಏನೂ ಆಗಲಿಲ್ಲ. ನಾಲ್ಕನೇ ದಿನಕ್ಕೇ ಆತುರಪಟ್ಟಿದ್ದೆ. ಈಜುಚೀಲದಲ್ಲಿ ಗಾಳಿ ತುಂಬಿ ಅವು ಸರಿಯಾಗಿ ಈಜಲು ಇನ್ನೂ ಒಂದೆರಡು ದಿನ ಬೇಕಿತ್ತು. ಗೆರೆಗಳೂ ತೀರಾ ಸಣ್ಣ. ಮರಿಯ ಕಣ್ಣಿಗೆ ಅವು ಬೆರೆತು ಬರೀ ಬೂದು ಬಣ್ಣ. ಆರನೇ ದಿನ ಗೆರೆಯ ಅಗಲವನ್ನು 1 ಸೆಂ.ಮೀ. ಮಾಡಿದೆ. ವೇಗ ಸೆಕೆಂಡಿಗೆ 1 ಸೆಂ.ಮೀ. ಮರಿಗಳು ಗೆರೆ ಹೋದ ಕಡೆಗೇ ಹೊರಟವು! ಎರಡೂ ಬದಿಯಿಂದ ನಡುವಿಗೆ ಗೆರೆ ಓಡಿಸಿದರೆ ನಡುವಿಗೆ ಬಂದು ಸೇರುತ್ತಿದ್ದವು. ಮುಂದೆ ಪ್ರತಿ ಸಲವೂ ಹಾಗೆ ಒಟ್ಟುಗೂಡಿಸಿಯೇ ಶುರು ಮಾಡಿದೆ.

ನೋಡಲು ಬಂದ ಹುಡುಗಿಯೊಬ್ಬಳು ಕೇಳಿದಳು, "ನೀರು ನಿಂತೇ ಇದೆಯಲ್ಲ ಮೇಡಂ, ಮತ್ತೆ ಇವು ಯಾಕೆ ಓಡುವುದು?"

ಇವು ತೊರೆ, ಗದ್ದೆ ನೀರಿನ ಮೀನು. ತಳ ಮುಂದಕ್ಕೆ ಓಡಿದಂತೆ ಕಂಡರೆ, ನೀರು ತನ್ನನ್ನು ಹಿಂದಕ್ಕೆ ಎಳೆಯುತ್ತಿದೆ ಎಂದೇ ಅದರ ಲೆಕ್ಕ. ಜಾಗ ಬಿಡಬಾರದೆಂದು ಮುಂದಕ್ಕೆ ಈಜುತ್ತದೆ.

ಲೆಕ್ಕದ ಮುಖ್ಯ ಜಾಗ ಮಿದುಳಿನ ಪ್ರಿಟೆಕ್ಟಮ್. ನನಗೆ ತುಂಬಾ ಇಷ್ಟವಾದ ವಿಷಯ ಇದೇ. ಈ ಮರಿಯ ಎಡಗಣ್ಣಿನ ನರಗಳೆಲ್ಲ ಬಲ ಮಿದುಳಿಗೆ ಹೋಗುತ್ತವೆ, ಬಲಗಣ್ಣಿನವು ಎಡಕ್ಕೆ. ಸುತ್ತಲಿನದೆಲ್ಲ ಎರಡೂ ಕಣ್ಣಿಗೆ ಬಾಲದಿಂದ ತಲೆಯ ಕಡೆ ಸರಿದರೆ, ಮೀನು ಕೊಚ್ಚಿಹೋಗುತ್ತಿದೆ. ಒಂದು ಕಣ್ಣಿಗೆ ಹಾಗೆ, ಇನ್ನೊಂದಕ್ಕೆ ತಿರುಗಾಮುರುಗಾ ಆದರೆ, ಮೈ ತಿರುಗುತ್ತಿದೆ. ಒಂದೇ ಕಣ್ಣಿನಿಂದ ಈ ವ್ಯತ್ಯಾಸ ಗೊತ್ತಾಗದು. ಅದಕ್ಕೇ ಪ್ರಿಟೆಕ್ಟಮ್‌ನ ಕೆಲವು ನರಕೋಶಗಳು ಎರಡೂ ಕಣ್ಣಿನದನ್ನು ಕೂಡಿಸಿ ನೋಡುತ್ತವೆ. ಅಲ್ಲಿಂದ ಹಿಮ್ಮಿದುಳಿಗೆ, ಕೊನೆಗೆ ಬಾಲಕ್ಕೆ. ಮರಿಯ ಮೈ ಪಾರದರ್ಶಕ. ಹಾಗಾಗಿ ಪ್ರಯೋಗಾಲಯಗಳಲ್ಲಿ, ಕ್ಯಾಲ್ಸಿಯಂ ಏರಿದಾಗ ಹೊಳೆಯುವ ಪ್ರೋಟೀನನ್ನು ನರಕೋಶಗಳಲ್ಲಿ ಸೇರಿಸಿ, ಯಾವುದು ಕೆಲಸ ಮಾಡುತ್ತಿದೆ ಎಂದು ಜೀವಂತ ಮರಿಯಲ್ಲೇ ನೋಡುತ್ತಾರೆ.

ನನ್ನ ಬಳಿ ಇದ್ದದ್ದು ಒಂದು ಲೆನ್ಸ್. ಬೈಹುಲ್ಲು ನೆನೆಸಿ ಬೆಳೆಸಿದ ಪ್ಯಾರಾಮೀಸಿಯಂ ಎಂಬ ಏಕಕೋಶ ಜೀವಿಗಳನ್ನು ಬಿಟ್ಟು, ಅದೇ ಹುಡುಗಿಗೆ ತೋರಿಸಿದೆ. ಬೇಟೆ ಕಂಡೊಡನೆ ಮರಿಯ ಎರಡೂ ಕಣ್ಣು ಒಳಕ್ಕೆ ತಿರುಗಿದವು. ಇದು ಟೆಕ್ಟಮ್ ಎಂಬ ಇನ್ನೊಂದು ಭಾಗದ ಕೆಲಸ. "ಮೇಡಂ, ಗುರಿ ಇಡ್ತಾ ಇದೆ!" ಎಂದಳು. ಅಷ್ಟರಲ್ಲಿ ಅದು ನುಂಗಿಯೂ ಆಗಿತ್ತು.