ಮಳೆಗಾಲದ ಪುಸ್ತಕ ಚರ್ಚೆ: ಮೂಡಿಗೆರೆಯಲ್ಲಿ ನಾನು ನಡೆಸಿದ ಬಗೆ

ಮೊದಲೆಲ್ಲ ನಮ್ಮ ಸಂಘದ ಒಂದು ಕಾರ್ಯಕ್ರಮಕ್ಕೆ 9-10 ಸಾವಿರ ಬೀಳುತ್ತಿತ್ತು. ಸಭಾಂಗಣದ ಬಾಡಿಗೆ, ಮೈಕು, ಫ್ಲೆಕ್ಸು, ಶಾಲು-ಹಾರ-ಫಲತಾಂಬೂಲ, ಸ್ಮರಣಿಕೆ, ಮೇಲೆ ಊಟ. ಇಷ್ಟು ಸುರಿದರೂ ಕೆಳಗೆ ಕೂತವರು 25 ಜನ, ವೇದಿಕೆ ಮೇಲೆ 8. ಪುಸ್ತಕ ಓದಿ ಬಂದವರು ಇಬ್ಬರೋ ಮೂವರೋ. ಅರ್ಧ ಖರ್ಚು ನಮ್ಮದು ಎಂದಿದ್ದ ಸಂಸ್ಥೆಯೊಂದು ರಸೀದಿಗಳನ್ನೆಲ್ಲ ಇಸಕೊಂಡು ಕೊನೆಗೂ ದುಡ್ಡು ಕೊಡಲಿಲ್ಲ. ಆವತ್ತೇ ಶಾಲು, ಫ್ಲೆಕ್ಸು ಎರಡನ್ನೂ ಕೈಬಿಟ್ಟೆ.

ಇನ್ನು ಮೇಲೆ ಚರ್ಚೆಯನ್ನು ಮಳೆಗಾಲದಲ್ಲೇ ಇಡೋಣ, ಲೇಖಕರು ಕೊನೆಗೆ ಮಾತಾಡಲಿ ಎಂದಾಗ ಯಾರೂ ಒಪ್ಪಲಿಲ್ಲ. "ಜುಲೈ ಮಳೆಗೆ ಯಾರು ಬರ್ತಾರೆ ಮಾರಾಯ್ರೆ" ಅಂದರು. "ಅಷ್ಟು ದೂರದಿಂದ ಕರೆಸಿ ಸುಮ್ಮನೆ ಕೂರಿಸ್ತೀರಾ" ಅಂದರು. ನಮ್ಮ ಕಡೆಯ ಲೆಕ್ಕವೇ ಬೇರೆ. ನವೆಂಬರಿನಲ್ಲಿ ಅರೇಬಿಕಾ ಕಾಫಿಯ ಕೊಯ್ಲು ಶುರುವಾದರೆ ರೋಬಸ್ಟಾ ಮುಗಿಯುವಾಗ ಫೆಬ್ರವರಿ ದಾಟುತ್ತದೆ. ಆಮೇಲೆ ಕಾಫಿ ಹೂ ಬಿಡಲು ಬೇಕಾದ ಹೂಮಳೆಯ ಚಿಂತೆ, ಸ್ಪ್ರಿಂಕ್ಲರ್ ಓಡಾಟ, ಹಿಂದೆಯೇ ಮದುವೆಗಳು. ಮನೆಯಲ್ಲಿ ಕೂತು ಓದಲು ಜನಕ್ಕೆ ಬಿಡುವು ಸಿಗುವುದೇ ಜೂನ್ ಆದ ಮೇಲೆ. ಲೇಖಕರೂ ಹಾಗೆಯೇ. ನವೆಂಬರಿನಲ್ಲಿ ರಾಜ್ಯೋತ್ಸವದ ಭಾಷಣಗಳಿಗೆ ಓಡಾಡುತ್ತಿರುತ್ತಾರೆ, ಜುಲೈನಲ್ಲಿ ಫೋನ್ ಮಾಡಿದರೆ ಖುಷಿಯಿಂದ ಒಪ್ಪುತ್ತಾರೆ. ಮಂಗಳೂರು, ಉಜಿರೆ ಕಡೆಯವರನ್ನು ಮಾತ್ರ ಸೆಪ್ಟೆಂಬರಿಗೆ ಇಟ್ಟುಕೊಳ್ಳುತ್ತೇನೆ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು, ಅವರು ಹತ್ತಿ ಬರುವ ಚಾರ್ಮಾಡಿ ಘಾಟಿ ಬಂದ್ ಆಗಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ.

ಓದಿಸುವುದೇ ಕಷ್ಟದ ಕೆಲಸ. ಪುಸ್ತಕ ಪುಕ್ಕಟೆ ಹಂಚಿದೆವು, ಷೋಕೇಸಿಗೆ ಹೋದವು. ಯಾರೋ ಒಬ್ಬರು ವಾಟ್ಸಾಪಿನಲ್ಲಿ ಪಿಡಿಎಫ್ ಹಾಕಿದರು. ಅದು ಬರೆದವರ ಹೊಟ್ಟೆಗೆ ಹೊಡೆಯುವ ಕೆಲಸ, ಹೋಗಲಿ ಓದಿದರೇ ಅಂದರೆ ಇಪ್ಪತ್ತು ಪುಟದ ಆಚೆ ಯಾರೂ ಹೋಗಿರಲಿಲ್ಲ. ಈಗ 12 ಪ್ರತಿ ಕೊಳ್ಳುತ್ತೇನೆ. ಒಂದೊಂದು ಪ್ರತಿ ನಾಲ್ಕು ಮನೆ ಸುತ್ತಬೇಕು, ಮನೆಗೆ ಹತ್ತು ದಿನ. ಮುಂದಿನ ಮನೆಗೆ ತಲುಪಿಸುವುದು ಓದಿದವರದೇ ಜವಾಬ್ದಾರಿ. ಪಕ್ಕದ ಮನೆಯವರು ಕಾಯುತ್ತಿದ್ದಾರೆ ಎಂದು ಗೊತ್ತಾದರೆ ಓದು ತಾನಾಗಿ ಮುಂದೆ ಹೋಗುತ್ತದೆ. ಬೂಷ್ಟು ಹಿಡಿಯದ ಹಾಗೆ ಜಿಪ್ ಕವರಿನಲ್ಲಿ ಹಾಕಿ ಕೊಡುತ್ತೇನೆ, ಒಲೆ ಇರುವ ಮನೆಯವರು ಅಟ್ಟದ ಹತ್ತಿರ ಇಡುತ್ತಾರೆ.

ಪ್ರತಿ ಪುಸ್ತಕದ ಹಿಂದಿನ ರಟ್ಟಿಗೆ ಒಂದು ಚೀಟಿ ಅಂಟಿಸಿರುತ್ತೇನೆ. ಪುಟದ ಸಂಖ್ಯೆ, ಒಂದು ಸಾಲು, ಅಷ್ಟೇ ಬರೆಯಬೇಕು. ಒಮ್ಮೆ ಸೀಸದಕಡ್ಡಿಯಲ್ಲಿ ಹೀಗೆ ಬರೆದಿತ್ತು: "ಪುಟ 47. ಇವಳು ತವರಿಗೆ ಹೋದವಳು ಯಾಕೆ ವಾಪಸ್ ಬಂದಳು? ನಾನಾಗಿದ್ದರೆ ಬರ್ತಿರಲಿಲ್ಲ." ಅದರ ಕೆಳಗೆ ಮುಂದಿನ ಮನೆಯವರ ಕೈಬರಹ: "ಮಕ್ಕಳನ್ನು ಬಿಟ್ಟು ಬಂದಿದ್ದಳಲ್ಲ." ಸಭೆಗೆ ಮೊದಲೇ ಅಲ್ಲಿ ಜಗಳ ಶುರುವಾಗಿತ್ತು. ಆ ದಿನ ಲೇಖಕಿ ಬರೆದು ತಂದಿದ್ದ ಭಾಷಣವನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡರು. ಒಂದೂವರೆ ಗಂಟೆ ಬರೀ ಚೀಟಿಗಳಿಗೆ ಉತ್ತರ ಕೊಟ್ಟರು. ಅಂಥ ಮಾತನ್ನು ನಾನು ಯಾವ ಸಮ್ಮೇಳನದಲ್ಲೂ ಕೇಳಿಲ್ಲ.

ಚರ್ಚೆಗೆ ಹೆಂಚಿನ ಮನೆಯ ಹಜಾರವೇ ಆಗಬೇಕು. ತಗಡು ಶೀಟಿನ ಕೆಳಗೆ ಮಳೆ ಸದ್ದಿಗೆ ಮೈಕು ಬೇಕಾಗುತ್ತದೆ, ಮೈಕು ಬಂತೆಂದರೆ ಭಾಷಣವೂ ಬಂತು. ಕುರ್ಚಿ ಸುತ್ತಲೂ ಹಾಕುತ್ತೇನೆ. ಎರಡೂವರೆಗೆ ಶುರು, ಸಂಜೆಯ ಬಸ್ಸು ತಪ್ಪದ ಹಾಗೆ ಮುಕ್ತಾಯ. ಇನ್ನೊಂದು ನಿಯಮ ನಮ್ಮೂರಿಗಷ್ಟೇ ಬೇಕು. ಪೂರ್ಣಚಂದ್ರ ತೇಜಸ್ವಿ ಅವರು 2007ರಲ್ಲಿ ತೀರಿಕೊಳ್ಳುವವರೆಗೂ ಇಲ್ಲೇ ಇದ್ದವರು, ಹಾಗಾಗಿ ಪ್ರತಿ ಮನೆಯಲ್ಲೂ ಅವರದೊಂದು ನೆನಪು ಇದೆ. ಯಾವ ಪುಸ್ತಕ ಹಿಡಿದರೂ ಮಾತು ಅಲ್ಲಿಗೇ ಹೋಗುತ್ತಿತ್ತು. ಆ ನೆನಪುಗಳೆಲ್ಲ ಟೀ ಆದ ಮೇಲೆ ಎಂದು ಗೊತ್ತು ಮಾಡಿದ್ದೇನೆ. ಎಲ್ಲರೂ ಪಾಲಿಸುತ್ತಾರೆ.

ಮೊದಲು ಯಾರನ್ನು ಮಾತಿಗೆ ಎಬ್ಬಿಸಬೇಕು ಎನ್ನುವುದಕ್ಕೆ ನನ್ನದೊಂದು ಉಪಾಯವಿದೆ. ಪ್ರಕಾಶಕರನ್ನು ಯಾವ ತಿಂಗಳಲ್ಲಿ ಕೇಳಿದರೆ ಶೇ 25ರ ಬದಲು 35 ರಿಯಾಯಿತಿ ಸಿಗುತ್ತದೆ ಎನ್ನುವುದೂ ಗೊತ್ತು. ಅವೆರಡು ನನ್ನಲ್ಲೇ ಇರಲಿ.

ನಡುವೆ ಬೇರೆ ಪ್ರಯೋಗಗಳೂ ಆದವು. ಜೈಮಿನಿ ಭಾರತ ಬರೆದ ಕವಿ ಲಕ್ಷ್ಮೀಶ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿನ ದೇವನೂರಿನವನು, ಹಾಗಾಗಿ ಒಂದು ಸಲ ಕಾವ್ಯವನ್ನು ರಾಗವಾಗಿ ಓದುವ ಗಮಕಿಯೊಬ್ಬರನ್ನು ಕರೆಸಿ ಅವನ ವಾರ್ಧಕ ಷಟ್ಪದಿಯ ಪದ್ಯಗಳನ್ನು ಹಾಡಿಸಿದೆ. ಅರ್ಥ ಬಿಡಿಸಿ ಹೇಳುವ ವ್ಯಾಖ್ಯಾನಕಾರರು ಇಲ್ಲದೆ ಅದು ನಿಲ್ಲುವುದಿಲ್ಲ, ಇಬ್ಬರ ಖರ್ಚು ನಮಗೆ ಭಾರ. ಆದರೂ ಬಿಡುವ ಮನಸ್ಸಿಲ್ಲ. 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಅವರ ಪುಸ್ತಕ ಕೇಳಿಕೊಂಡು ಹೊಸಬರೆಲ್ಲ ಬಂದರು. 12 ಪ್ರತಿ ಎಲ್ಲಿ ಸಾಲುತ್ತದೆ? ಒಂದು ಕಥೆಯನ್ನು ಹೈಸ್ಕೂಲ್ ಮೇಡಂ ಒಬ್ಬರಿಂದ ಗಟ್ಟಿಯಾಗಿ ಓದಿಸಿದೆವು. ಸಣ್ಣಕಥೆಗೆ ಆ ಕ್ರಮವೇ ಸರಿ, ಚೀಟಿ ಬೇಡ.

ಈಗಿನ ಖರ್ಚು ತಿಂಗಳಿಗೆ ಸುಮಾರು 6 ಸಾವಿರ: ಪುಸ್ತಕಕ್ಕೆ ಎರಡು ಚಿಲ್ಲರೆ, ಲೇಖಕರ ಬಸ್ ಚಾರ್ಜು ಮತ್ತು ಗೌರವಧನಕ್ಕೆ ಮೂರು, ಉಳಿದದ್ದು ಟೀ, ಬೋಂಡ. ಮಳೆಗಾಲದ ನಾಲ್ಕು ತಿಂಗಳಿಗೆ 24 ಸಾವಿರ. ಸುಮಾರು 40 ಸದಸ್ಯರಿಂದ ತಲಾ 500ರಂತೆ 20 ಬರುತ್ತದೆ. ನಾಲ್ಕು ಮನೆ ಸುತ್ತಿದ ಪ್ರತಿಗಳನ್ನು ಅರ್ಧ ಬೆಲೆಗೆ ಮಾರುತ್ತೇನೆ, ಉಳಿದ ನಾಲ್ಕು ಹೆಚ್ಚುಕಡಿಮೆ ಅದರಲ್ಲೇ ಹುಟ್ಟುತ್ತದೆ. ಚೀಟಿ ಅಂಟಿಸಿದ ಪ್ರತಿಯೇ ಬೇಕು ಎಂದು ಜನ ಮೊದಲೇ ಹೆಸರು ಬರೆಸಿ ಹೋಗುತ್ತಿದ್ದಾರೆ.