ಅಸುರ ದಂಡನ್ನು ಹಸಿವಿನಿಂದ ವಾಪಸ್ ಕಳಿಸಿದ ಕ್ಯಾಂಪೇನ್: ನನ್ನ ಅನುಭವ

ನಾವು ಕೆಲವರು ಭಾನುವಾರ ಟೇಬಲ್ ಸುತ್ತ ಕೂತು ರೋಲ್‌ಪ್ಲೇಯಿಂಗ್ ಗೇಮ್ ಆಡುತ್ತೇವೆ. ಒಬ್ಬೊಬ್ಬರು ಕಥೆಯ ಒಂದೊಂದು ರಾಜ್ಯವನ್ನು ಆಡಿಸುತ್ತಾರೆ, ಹಲವು ಭಾನುವಾರ ಮುಂದುವರಿಯುವ ಒಂದು ಕಥೆಗೆ ಕ್ಯಾಂಪೇನ್ ಎನ್ನುತ್ತೇವೆ. ಈ ಸಲ ನಮ್ಮ ಟೇಬಲ್‌ನಲ್ಲಿ ನಾಲ್ಕು ನೆರೆ ರಾಜ್ಯಗಳು ಸೇರಿ ಅಸುರರ ದಂಡನ್ನು ಹಿಂದಕ್ಕೆ ಅಟ್ಟಿದವು. ಅಸುರರಾಜನನ್ನು ಯಾರೂ ಕೊಲ್ಲಲಿಲ್ಲ. ಮಂತ್ರದ ಕತ್ತಿ ಇರಲಿಲ್ಲ, ಜ್ಯೋತಿಷ್ಯ ಹೇಳಿದ ವೀರನೂ ಇರಲಿಲ್ಲ. ದಂಡಿಗೆ ತಿನ್ನಲು ಏನೂ ಸಿಗದ ಹಾಗೆ ಮಾಡಿದರು, ಅಷ್ಟೇ.

ಈ ಯೋಚನೆಯನ್ನು ಮೊದಲು ಹೇಳಿದಾಗ ಬೆಂಗಳೂರಿನ ಬೇರೆ ಗೇಮ್ ಮಾಸ್ಟರ್‌ಗಳು (ನನ್ನ ಹಾಗೆ ಆಟದ ಕಥೆ ನಡೆಸುವವರು) ಒಪ್ಪಲಿಲ್ಲ. "ಭಾನುವಾರ ಬಂದು ಜೋಳದ ಲೆಕ್ಕ ಬರೆಯೋರು ಯಾರು?" ಅಂದರು. "ರಾಕ್ಷಸರಿಗೆ ರೇಷನ್ ಯಾಕೆ?" ಅಂತಲೂ ಕೇಳಿದರು. ಈಗ ಅವರಲ್ಲೇ ಇಬ್ಬರು ನನ್ನ ಲೆಕ್ಕದ ಹಾಳೆ ಕೇಳಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಡೈಸ್, ಹೆಕ್ಸ್ ಮ್ಯಾಪ್ (ಆರು ಮೂಲೆಯ ಮನೆಗಳ ಮ್ಯಾಪ್), ಸೆಷನ್ ನಡೆಸುವ ರೀತಿ ಇವೆಲ್ಲ ನಿಮಗೆ ಗೊತ್ತೇ ಇರುತ್ತದೆ, ಅದನ್ನು ಬಿಡುತ್ತೇನೆ.

ಮೊದಲ ಎರಡು ಕ್ಯಾಂಪೇನ್ ಪೂರ್ತಿ ನೆಲ ಕಚ್ಚಿದವು. ಒಂದರಲ್ಲಿ ಪ್ರತಿ ಆಟಗಾರನಿಗೂ ಒಂದು ರಾಜ್ಯ, ಒಂದು ಸೈನ್ಯ ಕೊಟ್ಟಿದ್ದೆ. ಘಟ್ಟದ ಬಾಗಿಲಲ್ಲಿ ಎಲ್ಲರೂ ಸೇರಿ ನಿಲ್ಲುತ್ತಾರೆ ಎಂದುಕೊಂಡಿದ್ದೆ. ಎಲ್ಲರೂ ಒಳ್ಳೆಯ ಪಡೆಯನ್ನು ಮನೆಯಲ್ಲೇ ಇಟ್ಟುಕೊಂಡು ಹೊಸಬರನ್ನು ಮಾತ್ರ ಗಡಿಗೆ ಕಳಿಸಿದರು. ಗಡಿಯ ರಾಜ್ಯ ಬಿತ್ತು, ಆಮೇಲೆ ಪಕ್ಕದ್ದು, ಆಮೇಲೆ ಅದರ ಪಕ್ಕದ್ದು. ಎರಡನೆಯದರಲ್ಲಿ ಎಲ್ಲರಿಗೂ ಸೇರಿ ಒಂದು ದಿವ್ಯಾಸ್ತ್ರ ಕೊಟ್ಟೆ. ಅದು ಯಾರ ಖಜಾನೆಯಲ್ಲಿ ಇರಬೇಕು ಎಂಬ ಜಗಳದಲ್ಲೇ ಮೂರು ತಿಂಗಳು ಹೋಯಿತು. ಅಸುರರು ಒಂದೂ ಪೆಟ್ಟು ತಿನ್ನದೆ ರಾಜಧಾನಿಗೆ ಬಂದಿದ್ದರು.

ದುಡ್ಡು ಬೇರೆ. ಹೊರದೇಶದಿಂದ ತರಿಸಿದ ರಾಕ್ಷಸ ಮಿನಿಯೇಚರ್‌ಗಳಿಗೆ, ಅಂದರೆ ಪುಟ್ಟ ಗೊಂಬೆಗಳಿಗೆ, ಕಸ್ಟಮ್ಸ್ ಸೇರಿ ಹತ್ತಿರ ಹತ್ತಿರ ಎಂಟು ಸಾವಿರ ರೂಪಾಯಿ. ಬಣ್ಣ, ಬ್ರಷ್‌ಗೆ ಇನ್ನೊಂದೆರಡು ಸಾವಿರ. ಕೆಫೆಯ ಟೇಬಲ್‌ಗೆ ತಲೆಗೆ ಗಂಟೆಗೆ ನೂರೈವತ್ತರ ಆಸುಪಾಸು, ಐದು ಜನ, ನಾಲ್ಕು ಗಂಟೆ. ಒಂದು ಭಾನುವಾರಕ್ಕೆ ಮೂರು ಸಾವಿರ, ಕಾಫಿ ಬಿಟ್ಟು. ಈಗ ಮನೆಯಲ್ಲೇ ಆಡುತ್ತೇವೆ. ಮ್ಯಾಪನ್ನು ಫ್ಲೆಕ್ಸ್ ಅಂಗಡಿಯಲ್ಲಿ ಮುನ್ನೂರು ಚಿಲ್ಲರೆಗೆ ಪ್ರಿಂಟ್ ಹಾಕಿಸಿದೆ. ಅಸುರರು ಅಂದರೆ ಹುಣಸೆ ಬೀಜ. ಮುಷ್ಟಿ ತುಂಬ ಬೀಜವನ್ನು ಮ್ಯಾಪ್ ಮೇಲೆ ಸುರಿದಾಗ ಆಗುವ ಭಯ ಆ ಎಂಟು ಸಾವಿರದ ಗೊಂಬೆಗಳಿಂದ ಆಗಿರಲಿಲ್ಲ.

ದಾರಿ ಸಿಕ್ಕಿದ್ದು ಬಕಾಸುರನಿಂದ. ಏಕಚಕ್ರ ನಗರದವರು ಅವನಿಗೆ ಏನು ಕಳಿಸುತ್ತಿದ್ದರು? ಒಂದು ಬಂಡಿ ಅನ್ನ, ಎರಡು ಕೋಣ, ಜೊತೆಗೆ ಒಬ್ಬ ಮನುಷ್ಯ. ನಮ್ಮ ಕಥೆಗಳಲ್ಲಿ ರಾಕ್ಷಸರಿಗೆ ಹಸಿವು ಇದೆ, ಅದಕ್ಕೆ ಅಳತೆಯೂ ಇದೆ! ಒಬ್ಬ ದೊಡ್ಡ ಅಸುರನಿಗೆ ವಾರಕ್ಕೆ ಒಂದು ಬಂಡಿ, ಅಂದರೆ ಹತ್ತು ಮೂಟೆ ಎಂದು ಇಟ್ಟೆ. ಮೂಟೆಗೆ ನೂರು ಕೆಜಿ. ಐನೂರು ಅಸುರರ ದಂಡಿಗೆ ವಾರಕ್ಕೆ ಐದು ಸಾವಿರ ಮೂಟೆ ಬೇಕು. ನಮ್ಮ ಕಡೆ ಒಬ್ಬ ಸೈನಿಕನಿಗೆ ದಿನಕ್ಕೆ ಒಂದು ಕೆಜಿ ಧಾನ್ಯ. ಹತ್ತು ಸಾವಿರ ಜನಕ್ಕೆ ದಿನಕ್ಕೆ ನೂರು ಮೂಟೆ, ಅದನ್ನು ಹೊರಲು ನೂರು ಹೇರೆತ್ತು. ಕುದುರೆಯ ಮೇವು ಬೇರೆ ಲೆಕ್ಕ. ಇದನ್ನು ಟೇಬಲ್ ಮೇಲೆ ಇಟ್ಟ ದಿನವೇ ಆಟ ಬದಲಾಯಿತು. ಹದಿನೈದು ನಿಮಿಷ ಯಾರೂ ಡೈಸ್ ಮುಟ್ಟಲಿಲ್ಲ, ಎಲ್ಲರೂ ಮ್ಯಾಪ್‌ನಲ್ಲಿ ಹೊಲ ಹುಡುಕುತ್ತಿದ್ದರು.

ಹಗೇವು, ಅಂದರೆ ನೆಲದೊಳಗಿನ ಕಣಜ, ಸೇರಿಸಿದ್ದು ನನಗೆ ಬಹಳ ಇಷ್ಟವಾದ ಕೆಲಸ. ನೆಲದೊಳಗೆ ಧಾನ್ಯ ತುಂಬಿ, ಬಾಯಿ ಮುಚ್ಚಿ, ಮೇಲೆ ಮಣ್ಣು ಎಳೆದರೆ ಹೊರಗಿನವನಿಗೆ ಕಾಣುವುದಿಲ್ಲ. ನನ್ನ ಮ್ಯಾಪ್‌ನಲ್ಲಿ ಎರೆನಾಡು ಅಂತ ಕಪ್ಪು ಮಣ್ಣಿನ ರಾಜ್ಯ ಇದೆ, ಜೋಳವೆಲ್ಲ ಅಲ್ಲಿಯದು. ಅದರ ಹಗೇವುಗಳ ಜಾಗ ಅದನ್ನು ಆಡುವವನಿಗೆ ಮಾತ್ರ ಗೊತ್ತು. ನೆರೆಯವರ ಸೈನ್ಯ ಉಳಿಯಬೇಕಾದರೆ ಅವನು ಆ ಗುಟ್ಟು ಬಿಟ್ಟುಕೊಡಬೇಕು. ಗೆದ್ದ ಮೇಲೆ ಅದೇ ನೆರೆಯವರು ಲೂಟಿಗೆ ಬರಬಹುದು, ಅಲ್ವಾ? ಒಕ್ಕೂಟದ ನಿಜವಾದ ಕಷ್ಟ ಇದೇ.

ಅದಕ್ಕೆ ಇತಿಹಾಸ ಓದಬೇಕಾಯಿತು. 1565ರಲ್ಲಿ ವಿಜಯನಗರದ ವಿರುದ್ಧ ಸುಲ್ತಾನರು ಒಂದಾದರಲ್ಲ, ಅದಕ್ಕೆ ಮುಂಚೆ ಬಿಜಾಪುರಕ್ಕೂ ಅಹ್ಮದ್‌ನಗರಕ್ಕೂ ಸೊಲ್ಲಾಪುರದ ಕೋಟೆಗಾಗಿ ಕಚ್ಚಾಟ ಇತ್ತು. ಅಹ್ಮದ್‌ನಗರದ ಹುಸೇನ್ ನಿಜಾಮ್ ಶಾಹ ಮಗಳು ಚಾಂದ್ ಬೀಬಿಯನ್ನು ಬಿಜಾಪುರದ ಅಲಿ ಆದಿಲ್ ಶಾಹನಿಗೆ ಕೊಟ್ಟ. ಬಳುವಳಿಯಾಗಿ ಅದೇ ಸೊಲ್ಲಾಪುರ ಹೋಯಿತು. ಆಮೇಲೆ ದಂಡು ಕೂಡಿತು. ಅದು ರಾಜ್ಯ ರಾಜ್ಯಗಳ ಯುದ್ಧ, ಅಲ್ಲಿ ಅಸುರರು ಯಾರೂ ಇಲ್ಲ. ನಾನು ತೆಗೆದುಕೊಂಡಿದ್ದು ಒಪ್ಪಂದ ಕುದುರಿದ ಬಗೆಯನ್ನು ಮಾತ್ರ. ನನ್ನ ನಿಯಮ ಹೀಗಾಯಿತು: ಬಹಳ ವರ್ಷ ಜಗಳವಾಡಿದ ಜಾಗವನ್ನೇ ಒತ್ತೆ ಇಡಬೇಕು. ಬೇರೆ ಯಾವ ಮಾತಿಗೂ ಬೆಲೆ ಇಲ್ಲ.

ಎಲ್ಲರೂ ಕತ್ತಿ ಹಿಡಿಯಲೇಬೇಕು ಎಂದೂ ಇಲ್ಲ. 1260ರಲ್ಲಿ ಮಂಗೋಲರನ್ನು ಎದುರಿಸಲು ಈಜಿಪ್ಟನ್ನು ಆಳುತ್ತಿದ್ದ ಮಮ್ಲೂಕರು ಹೊರಟಾಗ ದಾರಿಯಲ್ಲಿದ್ದ ಅಕ್ಕಾ ಪಟ್ಟಣದ ಕ್ರೈಸ್ತರು ಯುದ್ಧಕ್ಕೆ ಬರಲಿಲ್ಲ. ದಾರಿ ಬಿಟ್ಟರು, ಸಾಮಾನು ಕೊಳ್ಳಲು ಬಿಟ್ಟರು. ಐನ್ ಜಾಲೂತ್‌ನಲ್ಲಿ ಮಂಗೋಲರು ಸೋತರು. ಇದನ್ನು ನೋಡಿ 'ದಾರಿ ಬಿಡುವುದು' ಎಂಬ ನಡೆ ಸೇರಿಸಿದೆ. ಹಿಂಜರಿಯುವ ಆಟಗಾರನಿಗೂ ಈಗ ಒಂದು ಪಾತ್ರ ಇದೆ.

ಇನ್ನೊಂದು ವಿಯೆಟ್ನಾಮಿನದು. 1288ರ ಶುರುವಿನಲ್ಲಿ ಚೀನಾವನ್ನು ಆಳುತ್ತಿದ್ದ ಮಂಗೋಲರ, ಅಂದರೆ ಯುವಾನ್ ಸೈನ್ಯದ ಧಾನ್ಯದ ಹಡಗುಗಳನ್ನು ವಾನ್ ಡಾನ್ ಹತ್ತಿರ ಅಲ್ಲಿನ ತ್ರಾನ್ ದೊರೆಗಳ ಕಡೆಯವರು ಹಾಳು ಮಾಡಿದರು. ಹೊಟ್ಟೆಗಿಲ್ಲದೆ ದಂಡು ವಾಪಸ್ ಹೊರಟಿತು. ಹೋಗುವಾಗ ಬಾಚ್ ಡಾಂಗ್ ನದಿಯಲ್ಲಿ ಮರದ ಗೂಟ ನೆಟ್ಟು ಅವರ ಹಡಗುಗಳನ್ನು ಸಿಕ್ಕಿಸಿದರು. ಎಲ್ಲರಿಗೂ ಆ ಗೂಟಗಳು ನೆನಪಿರುತ್ತವೆ. ನನ್ನ ಮಟ್ಟಿಗೆ ದೊಡ್ಡದು ವಾನ್ ಡಾನ್.

ಮಧ್ಯೆ ಕೆಲವು ಪ್ರಯೋಗ ಮಾಡಿದೆ. ಡಿ20, ಅಂದರೆ ಇಪ್ಪತ್ತು ಮುಖದ ಡೈಸ್ ಬಿಟ್ಟು ಚೌಕಾಬಾರದ ನಾಲ್ಕು ಕವಡೆ ಹಾಕಿ ನೋಡಿದೆ. ಲೆಕ್ಕದಲ್ಲಿ ಬಾರ, ಅಂದರೆ ಎಂಟರ ಗರ, ಹದಿನಾರಕ್ಕೆ ಒಂದು ಸಲ ಬೀಳಬೇಕು. ಆದರೆ ಕವಡೆಯ ಎರಡು ಮೈ ಒಂದೇ ಥರ ಅಲ್ಲ, ಒಂದೊಂದು ಜೊತೆಗೆ ಒಂದೊಂದು ಚಾಳಿ. ಯುದ್ಧಕ್ಕೆ ಅದು ಸರಿಬರಲಿಲ್ಲ, ಮಳೆ ಬರುತ್ತದೋ ಇಲ್ಲವೋ ಎಂದು ತೀರ್ಮಾನಿಸಲು ಬಹಳ ಚೆನ್ನಾಗಿದೆ. ಅಸುರರ ಪ್ರವೇಶಕ್ಕೆ ಫೋನಿನಲ್ಲಿ ಚೆಂಡೆ ಹಾಕುತ್ತೇನೆ. ಯಕ್ಷಗಾನದಲ್ಲಿ ರಾಕ್ಷಸರ ಬಣ್ಣದ ವೇಷ ಬರುವಾಗಿನ ಆ ಏರು ಬಡಿತ ಕೇಳಿದರೆ ಮಾತು ತಾನಾಗಿ ನಿಲ್ಲುತ್ತದೆ.

ರಕ್ತಬೀಜನನ್ನೂ ತಂದೆ. ಅವನ ಒಂದು ಹನಿ ರಕ್ತ ನೆಲಕ್ಕೆ ಬಿದ್ದರೆ ಇನ್ನೊಬ್ಬ ಹುಟ್ಟುತ್ತಾನೆ. ಕತ್ತಿಯಿಂದ ಹೊಡೆದರೆ ಒಂದು ಬೀಜ ತೆಗೆದು ಎರಡು ಇಡಬೇಕು. ಒಂದೇ ಸಂಜೆ ಮ್ಯಾಪ್ ತುಂಬಿಹೋಯಿತು. ಆದರೆ ಹೊಸದಾಗಿ ಹುಟ್ಟಿದವನಿಗೂ ವಾರಕ್ಕೆ ಹತ್ತು ಮೂಟೆ ಬೇಕಲ್ಲ! ಇದನ್ನು ಮೊದಲು ಕಂಡವಳು ಕಡಲಸೀಮೆ ಎಂಬ ರಾಜ್ಯವನ್ನು ಆಡುವ ಹುಡುಗಿ. ಬೇಕೆಂದೇ ಅವನಿಗೆ ಬಾಣ ಹೊಡೆಸಿದಳು. ದಂಡು ಮೂರು ಪಟ್ಟಾಯಿತು, ಹಸಿವೂ ಮೂರು ಪಟ್ಟಾಯಿತು. ಇಂಥ ನಡೆ ನನ್ನ ತಲೆಗೆ ಹೊಳೆದಿರಲಿಲ್ಲ. ಆಟಗಾರರಿಗೆ ಲೆಕ್ಕ ಬೇಸರ ಎನ್ನುವವರಿಗೆ ಈ ಸೆಷನ್ ತೋರಿಸಬೇಕಿತ್ತು.

ಕೊನೆಯ ಮುತ್ತಿಗೆ ಸುಮಾರು ಆರು ಭಾನುವಾರ ನಡೆಯಿತು. ಎರೆನಾಡಿನವನು ಹಗೇವಿನ ಪಟ್ಟಿ ಕೊಟ್ಟ. ಬದಲಿಗೆ ಮಲೆಯ ರಾಜ್ಯ ತನ್ನ ಘಟ್ಟದ ಕೋಟೆಯ ಬೀಗದ ಕೈಯನ್ನು ಅವನಿಗೆ ಒಪ್ಪಿಸಿತು. ಜನರನ್ನು ಸಾಗಿಸಿ, ನಿಂತ ಬೆಳೆಗೆ ಬೆಂಕಿ ಇಟ್ಟು, ದಾರಿಯ ಹುಲ್ಲನ್ನೂ ಸುಟ್ಟರು. ಹುಲ್ಲಿಲ್ಲದೆ ನಮ್ಮ ಹೇರೆತ್ತುಗಳೂ ಸತ್ತವು. ಎರಡು ವಾರ ನಮ್ಮವರು ಅರ್ಧ ಹೊಟ್ಟೆಯಲ್ಲಿದ್ದರು. ಸಮುದ್ರದ ಕಡೆಯಿಂದ ಉಪ್ಪು, ಒಣಮೀನು ದೋಣಿಯಲ್ಲಿ ಬಂದು ಕೈಹಿಡಿಯಿತು. ನಾಲ್ಕನೆಯ ರಾಜ್ಯ ಕತ್ತಿ ಎತ್ತಲಿಲ್ಲ, ದಾರಿ ಬಿಟ್ಟಿತು. ಅಸುರರು ತಮ್ಮತಮ್ಮಲ್ಲೇ ತಿನ್ನತೊಡಗಿದಾಗ ಬೀಜಗಳನ್ನು ಒಂದೊಂದಾಗಿ ಎತ್ತಿ ಡಬ್ಬಿಗೆ ಹಾಕಿದೆ. ಟೇಬಲ್ ಸುತ್ತ ಚಪ್ಪಾಳೆ.

ಶುರು ಮಾಡುವವರು ಹುಣಸೆ ಬೀಜ, ಒಂದು ಲೆಕ್ಕದ ಹಾಳೆ, ಒಂದು ಫ್ಲೆಕ್ಸ್ ಇಟ್ಟುಕೊಳ್ಳಿ. ಐನೂರು ರೂಪಾಯಿಯೊಳಗೆ ಆಗುತ್ತದೆ. ಮೊದಲ ಸೆಷನ್‌ನಲ್ಲಿ ಅಸುರರನ್ನು ತರಬೇಡಿ. ನೆರೆಯವರ ಹಳೇ ಜಗಳಗಳನ್ನೇ ಆಡಿಸಿ, ಒತ್ತೆಗೆ ಇಡಲು ಏನಾದರೂ ಹುಟ್ಟಬೇಕು. ಹಸಿದ ಅಸುರರಾಜ ಯಾವ ಕಡೆ ತಿರುಗುತ್ತಾನೆ ಎಂದು ನಾನು ತೀರ್ಮಾನಿಸುವ ಕೋಷ್ಟಕ ಒಂದಿದೆ. ಅದನ್ನು ಮಾತ್ರ ಇಲ್ಲಿ ಕೊಡುವುದಿಲ್ಲ. ನನ್ನ ಆಟಗಾರರೂ ಇದನ್ನು ಓದುತ್ತಾರೆ, ದಸರಾ ರಜೆಯಲ್ಲಿ ಮುಂದಿನ ದಂಡು ಬರುವುದಿದೆ.