ಮಲದಲ್ಲಿ ರಕ್ತ ಕಂಡರೆ: ಮೂಲವ್ಯಾಧಿ ಅನ್ನುವ ಮುನ್ನ ಏನು ಮಾಡಬೇಕು?

ಮಲದ ಜೊತೆ ರಕ್ತ ಹೋದರೆ ಹಾಸನ, ಚಿಕ್ಕಮಗಳೂರು ಕಡೆಯ ಮನೆಗಳಲ್ಲಿ ಮೊದಲು ಬರುವ ಮಾತು ‘ಉಷ್ಣ ಆಗಿರಬೇಕು’. ಒಂದಷ್ಟು ದಿನ ಮಜ್ಜಿಗೆ, ಎಳನೀರು. ನಿಲ್ಲದಿದ್ದರೆ ಮೂಲವ್ಯಾಧಿ ಎಂದು ನಾಟಿ ಔಷಧಿ. ಬಹಳಷ್ಟು ಸಲ ಅದು ಮೂಲವ್ಯಾಧಿಯೇ ಆಗಿರುತ್ತದೆ, ನಿಜ. ಆದರೆ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ಕೂಡ ಹೀಗೇ ಕಾಣಿಸಿಕೊಳ್ಳಬಹುದು. ಬರೀ ಮಾತು ಕೇಳಿ ಇದು ಅದೋ ಇದೋ ಎಂದು ಹೇಳಲು ಯಾರಿಂದಲೂ ಆಗದು. ಪರೀಕ್ಷೆ ಮಾಡದೆ ‘ಪೈಲ್ಸ್’ ಎಂದು ಚೀಟಿ ಬರೆದರೆ, ಬರೆದವರು ವೈದ್ಯರೇ ಆಗಿದ್ದರೂ ಅಷ್ಟಕ್ಕೆ ಸುಮ್ಮನಾಗಬೇಡಿ.

ಮೊದಲು ಗಮನಿಸಿ

ರಕ್ತವೊಂದೇ ಲಕ್ಷಣವಲ್ಲ. ಸರಿಯಾಗಿದ್ದ ಹೊಟ್ಟೆ ಕೆಟ್ಟು, ಒಮ್ಮೆ ಭೇದಿ, ಒಮ್ಮೆ ಮಲಬದ್ಧತೆ ಎಂದು ಮೂರು ವಾರ ದಾಟಿದರೆ ಲೆಕ್ಕಕ್ಕೆ ತೆಗೆದುಕೊಳ್ಳಿ. ಮಲ ಸಣ್ಣಗೆ ಬರುವುದು, ಲೋಳೆ ಹೋಗುವುದು, ಹೋಗಿ ಬಂದರೂ ಇನ್ನೂ ಉಳಿದಿದೆ ಅನ್ನಿಸುವುದು, ಕಾರಣವಿಲ್ಲದೆ ತೂಕ ಇಳಿಯುವುದು ಕೂಡ ಅಷ್ಟೇ ಮುಖ್ಯ. ಬೀಟ್‌ರೂಟ್ ತಿಂದರೆ ಮಲ ಕೆಂಪಾಗುತ್ತದೆ, ಕಬ್ಬಿಣಾಂಶದ ಮಾತ್ರೆಗೆ ಕಪ್ಪಾಗುತ್ತದೆ. ಅದನ್ನು ನೆನಪಿಟ್ಟುಕೊಂಡು ನೋಡಿ. ‘ನನಗಿನ್ನೂ ಮೂವತ್ತೈದು’ ಎಂಬ ಧೈರ್ಯವೂ ಬೇಡ. ನಮ್ಮ ದೇಶದಲ್ಲಿ ನಲವತ್ತರ ಒಳಗಿನವರಲ್ಲೂ ಗುದನಾಳದ ಕ್ಯಾನ್ಸರ್ ಕಾಣಿಸುತ್ತಿದೆ.

ಸುಸ್ತನ್ನು ಕಡೆಗಣಿಸಬೇಡಿ

ನಮ್ಮಲ್ಲಿ ಹೆಚ್ಚು ತಪ್ಪಿಹೋಗುವುದು ಇದೇ. ದೊಡ್ಡ ಕರುಳಿನ ಬಲಭಾಗದಲ್ಲಿ ಗೆಡ್ಡೆ ಇದ್ದರೆ ರಕ್ತ ಕಣ್ಣಿಗೆ ಕಾಣದಷ್ಟು ಸ್ವಲ್ಪ ಸ್ವಲ್ಪವಾಗಿ ಸೋರುತ್ತದೆ. ನೋವೂ ಇರದಿರಬಹುದು. ತೋಟದ ಏರು ಹತ್ತುವಾಗ ಉಬ್ಬಸ, ತಲೆಸುತ್ತು, ಮುಖ ಬಿಳಿಚಿಕೊಳ್ಳುವುದು ಇಷ್ಟೇ ಕಾಣುತ್ತದೆ. ‘ರಕ್ತ ಕಡಿಮೆ ಇದೆ’ ಎಂದು ಮಾತ್ರೆ ಕೊಟ್ಟು ಕಳಿಸುತ್ತಾರೆ. ಗಂಡಸರಲ್ಲಿ ಹಿಮೋಗ್ಲೋಬಿನ್ 13ಕ್ಕಿಂತ, ಮುಟ್ಟು ನಿಂತ ಹೆಂಗಸರಲ್ಲಿ 12ಕ್ಕಿಂತ ಕಡಿಮೆಯಿದ್ದು, ಕಬ್ಬಿಣಾಂಶದ ಕೊರತೆ ಎಂದು ಗೊತ್ತಾದರೆ ‘ಈ ರಕ್ತ ಎಲ್ಲಿ ಹೋಗುತ್ತಿದೆ ಡಾಕ್ಟ್ರೇ?’ ಎಂದು ಕೇಳಲೇಬೇಕು.

ವೈದ್ಯರ ಮುಂದೆ

ನಾಚಿಕೆ ಬಿಟ್ಟು ಎಲ್ಲ ಹೇಳಿ: ಯಾವಾಗಿನಿಂದ, ಯಾವ ಬಣ್ಣ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇತ್ತೇ. ವೈದ್ಯರು ಕೈಗವಸು ಹಾಕಿ ಗುದದ್ವಾರದಲ್ಲಿ ಬೆರಳಿಟ್ಟು ಪರೀಕ್ಷಿಸುತ್ತಾರೆ. ಒಂದೆರಡು ನಿಮಿಷದ ಕೆಲಸ, ಯಂತ್ರ ಬೇಡ, ತಾಲ್ಲೂಕು ಆಸ್ಪತ್ರೆಯಲ್ಲೂ ಆಗುತ್ತದೆ. ಗುದನಾಳದ ಕೆಳಭಾಗದ ಎಷ್ಟೋ ಗೆಡ್ಡೆಗಳು ಬೆರಳಿಗೇ ಸಿಗುತ್ತವೆ. ಅವರಾಗಿ ಮಾಡದಿದ್ದರೆ ನೀವೇ ಕೇಳಿ. ಹೆಂಗಸರು ಲೇಡಿ ಡಾಕ್ಟರ್ ಬೇಕು ಎನ್ನಬಹುದು.

ಕೊಲೊನೋಸ್ಕೋಪಿ

ಕ್ಯಾಮೆರಾ ಇರುವ ಕೊಳವೆಯಿಂದ ಇಡೀ ದೊಡ್ಡ ಕರುಳನ್ನು ನೋಡುವ ಪರೀಕ್ಷೆ ಇದು. ಸಾಮಾನ್ಯವಾಗಿ ಅರ್ಧ ಗಂಟೆ, ಮಂಪರು ಬರಿಸುವ ಇಂಜೆಕ್ಷನ್ ಕೊಡುತ್ತಾರೆ. ಈ ಕ್ಯಾನ್ಸರ್ ಹೆಚ್ಚಾಗಿ ‘ಪಾಲಿಪ್’ ಎಂಬ ಸಣ್ಣ ಗಂಟಿನಿಂದ ಶುರುವಾಗಿ ಬೆಳೆಯಲು ಹತ್ತು ವರ್ಷದಷ್ಟು ಹಿಡಿಯುತ್ತದೆ. ಪಾಲಿಪ್ ಕಂಡರೆ ಅನೇಕ ಸಲ ಅಲ್ಲೇ ತೆಗೆದುಬಿಡಬಹುದು. ಅನುಮಾನ ಇದ್ದ ಕಡೆ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಕ್ಯಾನ್ಸರ್ ಹೌದೋ ಅಲ್ಲವೋ ಖಚಿತವಾಗುವುದು ಅದರಿಂದಲೇ. ಕ್ಯಾನ್ಸರ್ ಸುಳಿವಿಗೆಂದು ಮಾಡುವ ‘ಸಿಇಎ’ ಎಂಬ ರಕ್ತಪರೀಕ್ಷೆ ನಾರ್ಮಲ್ ಬಂತು ಎಂದು ನಿಶ್ಚಿಂತರಾಗುವಂತಿಲ್ಲ.

ತಯಾರಿ ಕೆಟ್ಟರೆ ಪರೀಕ್ಷೆ ವ್ಯರ್ಥ. ಎರಡು ಮೂರು ದಿನ ಮೊದಲೇ ರಾಗಿ ಮುದ್ದೆ, ಸೊಪ್ಪು, ಸೀಬೆಹಣ್ಣು, ಬೀಜವಿರುವ ತರಕಾರಿ ಬಿಡಿ. ಅನ್ನ, ತಿಳಿಸಾರು, ಇಡ್ಲಿ ಸಾಕು. ಹಿಂದಿನ ದಿನ ತಿಳಿ ಪಾನೀಯ ಮಾತ್ರ: ಎಳನೀರು, ಹಾಲು ಹಾಕದ ಕಾಫಿ. ಆಸ್ಪತ್ರೆಯವರು ಕೊಟ್ಟ ಪುಡಿಯನ್ನು ಅವರು ಹೇಳಿದಷ್ಟು ನೀರಿನಲ್ಲಿ ಕಲಸಿ ಪೂರ್ತಿ ಕುಡಿಯಿರಿ. ಕೊನೆಗೆ ತಿಳಿ ಹಳದಿ ನೀರಷ್ಟೇ ಹೋಗಬೇಕು. ಕಬ್ಬಿಣಾಂಶದ ಮಾತ್ರೆಯನ್ನು ಒಂದು ವಾರ ಮೊದಲೇ ನಿಲ್ಲಿಸಬೇಕಾಗುತ್ತದೆ. ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆಗಳ ಬಗ್ಗೆ ವೈದ್ಯರನ್ನು ಕೇಳದೆ ಏನೂ ಬದಲಿಸಬೇಡಿ. ಜೊತೆಗೊಬ್ಬರು ಇರಲಿ, ಆ ದಿನ ಬೈಕು ಓಡಿಸಬೇಡಿ.

ಹಾಸನದ ಹಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ) ಅಥವಾ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಯ ಸರ್ಜರಿ ವಿಭಾಗದಲ್ಲಿ ವಿಚಾರಿಸಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಬೇರೆಡೆಗೋ ಹೋಗುವುದಾದರೆ ಇಲ್ಲಿಂದಲೇ ರೆಫರಲ್ ಪತ್ರ ಬರೆಸಿಕೊಳ್ಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ‘ಕಾಫಿ ಕೊಯ್ಲು ಮುಗಿಯಲಿ, ಆಮೇಲೆ ಹೋಗೋಣ’ ಎಂದು ತಿಂಗಳುಗಟ್ಟಲೆ ತಳ್ಳುವುದು ಬೇಡ. ಕರುಳಿನಲ್ಲೇ ಇರುವಾಗ ಸಿಕ್ಕ ಕ್ಯಾನ್ಸರ್‌ ಬಹುಪಾಲು ಗುಣವಾಗುತ್ತದೆ. ಯಕೃತ್ತು, ಶ್ವಾಸಕೋಶಕ್ಕೆ ಹರಡಿದ ಮೇಲೆ ಕಷ್ಟ.

ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಖಚಿತವಾದರೆ ಒಡಹುಟ್ಟಿದವರು, ಮಕ್ಕಳು ತೊಂದರೆ ಇಲ್ಲದಿದ್ದರೂ ಕೊಲೊನೋಸ್ಕೋಪಿ ಮಾಡಿಸಬೇಕು: 40ನೇ ವಯಸ್ಸಿಗೆ, ಇಲ್ಲವೇ ಅವರಿಗೆ ಕಾಯಿಲೆ ಗೊತ್ತಾದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮೊದಲು ಬರುತ್ತದೋ ಆಗ. ತಂದೆಗೆ 46ಕ್ಕೆ ಬಂದಿದ್ದರೆ ಮಕ್ಕಳಿಗೆ 36ಕ್ಕೆ.